ಹೊರಗುಳಿದ ಸಾಲುಗಳು

ಆನ್‌ಲೈನ್ ಪಟ್ಟಿಯಿಂದ ಎಳೆದದ್ದು ನಾನೂರ ಹನ್ನೆರಡು ಸಾಲು,
ಒಳಗೆ ಬಂದದ್ದು ಮುನ್ನೂರ ತೊಂಬತ್ತೈದು.
ಉಳಿದ ಹದಿನೇಳಕ್ಕೆ ಕಂಪ್ಯೂಟರು ತಾನೇ ಒಂದು ಕೋಷ್ಟಕ ಕಟ್ಟಿ
ಹೆಸರಿಟ್ಟಿತ್ತು: ದೋಷಗಳು.

ರಾತ್ರಿ ಎಂಟೂವರೆ. ದಾವಣಗೆರೆ,
ಮಂಡಕ್ಕಿ ಭಟ್ಟಿ ಕೆಲಸಗಾರರ ಸಂಘದ ಒಂದೇ ಕೋಣೆ.
ಗೋಡೆಯಾಚೆ ಕಾದ ಮರಳಲ್ಲಿ ಅಕ್ಕಿ ಸಿಡಿಯುವ ಸದ್ದು,
ಕೀಲಿಮಣೆಯ ಸಂದಿಸಂದಿಗೂ ಹೊಟ್ಟಿನ ಮಸಿ.
'ಸ್ಪೇಸ್ ಒತ್ತಿದ್ರ ಎರಡು ಸಲ ಬೀಳತೈತಿ, ಹುಷಾರು' ಅಂತ
ನನಗಿಂತ ಮುಂಚೆ ಇದ್ದವಳು ಚೀಟಿ ಅಂಟಿಸಿ ಹೋಗಿದ್ದಾಳೆ.

ಸೋಮವಾರ ಕಣ್ಣಿನ ತಪಾಸಣೆ.
ಪಟ್ಟಿಯಲ್ಲಿದ್ದವರಿಗೆ ಕನ್ನಡಕ.

ನಿನ್ನೆ ಇನ್ನೂ ಕೆಟ್ಟಿತ್ತು. ಭಟ್ಟಿಯ ಹೆಸರಿರಬೇಕಾದ ಕಡೆ
ಬರೀ ಅಂಕಿ: ಮೂರು, ಮೂರು, ಹನ್ನೊಂದು, ಏಳು.
ಹೆಸರುಗಳು ಬೇರೊಂದು ಪಟ್ಟಿಯಲ್ಲಿ ಕೂತಿರುತ್ತವೆ,
ಇಲ್ಲಿಗೆ ಬರುವುದು ಅವುಗಳ ನಂಬರು ಮಾತ್ರ
ಅಂತ ಅರಿಯಲು ಒಂದಿಡೀ ಮಧ್ಯಾಹ್ನ ಬೇಕಾಯಿತು.
ಆ ಪಟ್ಟಿಯನ್ನೂ ತಂದು ಎರಡಕ್ಕೂ ಗಂಟು ಹಾಕಿದೆ.
ಮೂರು ಅಂದರೆ ಚಮನ್‌ಸಾಬರ ಭಟ್ಟಿ
ಅಂತ ಆಗ ಕಂಪ್ಯೂಟರಿಗೆ ತಿಳಿಯಿತು.
ಓಣಿಯ ಹುಡುಗರನ್ನು ಕೇಳಿದ್ದರೆ ಸಾಕಿತ್ತು.

ಈಗ ಹದಿನೇಳು.
ಒಂಬತ್ತರಲ್ಲಿ ಹೆಸರಿನ ಬಾಲಕ್ಕೆ ಒಂದು ಖಾಲಿ ಜಾಗ.
ಕಣ್ಣಿಗೆ ಕಾಣದ್ದು, ಆದರೂ ಬಾಗಿಲಲ್ಲಿ ತಡೆಯುವಂಥದ್ದು.
ಚೀಟಿಯನ್ನು ಮತ್ತೊಮ್ಮೆ ಓದಿದೆ. ಒಂದೊಂದಾಗಿ ಒರೆಸಿದೆ.

ಐದರಲ್ಲಿ ವಯಸ್ಸಿನ ಮನೆಗೆ ಮಾತು ಹೊಕ್ಕಿತ್ತು.
ಮನೆಮನೆ ಸುತ್ತಿದ ತಸ್ಕೀನ್ ಪ್ರಾಮಾಣಿಕ ಹುಡುಗಿ,
ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾಳೆ:
'ಕಾಟನ್ ಮಿಲ್ ಬಂದಾದಾಗ ಮದುವಿ ಆಗಿತ್ತು.'
ಫೋನು ಮಾಡಿದರೆ ಕೊಟ್ರವ್ವ ನಕ್ಕಳು:
'ಅರವತ್ತಂತ ಬಡಿ ತಾಯಿ,
ಕನ್ನಡಕ ಏನು ವಯಸ್ಸು ಕೇಳಿ ಕಿವಿ ಮ್ಯಾಲೆ ಕುಂದ್ರತೈತೇನು?'

ಎರಡು ಸಾಲು, ಮುಮ್ತಾಜ್‌ಬಿ ಮತ್ತು ನೂರುನ್ನೀಸಾ,
ಓರಗಿತ್ತಿಯರು. ಹಿರಿಯಾಕೆ ಒಳಗಿದ್ದಾಳೆ, ಇವರು ಹೊರಗೆ.
ಮೂವರಿಗೂ ಒಂದೇ ಫೋನು, ಗೂಡಿನಲ್ಲಿ ಕೂತಿರುವಂಥದ್ದು.
ತಲೆಗೊಂದು ನಂಬರು ಇರಲೇಬೇಕು, ಎರಡನೆಯ ಸಲ ಬಂದರೆ ಸೇರಿಸಬೇಡ,
ಅಂತ ನಿಯಮ ಬರೆದವರು ಯಾರು?
ನಾನೇ. ಜೂನ್ ತಿಂಗಳಲ್ಲಿ, ಫ್ಯಾನಿನ ಕೆಳಗೆ ಕೂತು.
ಸಾಲನ್ನು ತಿದ್ದಲಿಲ್ಲ. ನಿಯಮವನ್ನು ಕಿತ್ತೆ.

ಆದರೆ ನನಗೆ ಹೆದರಿಕೆ ತಕರಾರಿಲ್ಲದೆ ಒಳಗೆ ಬಂದವರದ್ದು.
ಡಿಸೆಂಬರ್ ಏಳು, ಸದ್ದಿಲ್ಲದೆ ಜುಲೈ ಹನ್ನೆರಡಾಗಿದೆ,
ದಿನ ತಿಂಗಳು ಅದಲುಬದಲಾಗಿ, ಯಾವ ಕೆಂಪು ಗೆರೆಯೂ ಇಲ್ಲದೆ.
ಷರಾದಲ್ಲಿ ಹಾಲಮ್ಮನ ಮಾತು ಇನ್ನೂರ ಐವತ್ತೈದನೆಯ ಅಕ್ಷರಕ್ಕೆ
ಕುತ್ತಿಗೆ ಕತ್ತರಿಸಿಕೊಂಡು ನಿಂತಿದೆ:
'ಇಪ್ಪತ್ತೆಂಟು ವರ್ಷ ಬೆಂಕಿ ನೋಡಿ ನೋಡಿ ಈಗ ಬೆಂಕಿ ಇಲ್ಲದ ಕಡೆಗೂ'

ಕಡೆಗೂ?

ಆ ಅಂಕಣವನ್ನು ಅಗಲ ಮಾಡಿದೆ. ದಿನಾಂಕದ ಕ್ರಮ ಹೇಳಿಕೊಟ್ಟೆ.
ಇದ್ದದ್ದನ್ನೆಲ್ಲ ಅಳಿಸಿ, ಮೊದಲಿಂದ ಎಳೆದೆ.
ಹಸಿರು ಪಟ್ಟಿ ತೆವಳುವಾಗ ಭಟ್ಟಿಯಲ್ಲಿ ಪಾಳಿ ಬದಲಾಯಿತು,
ಯಾರೋ ಮೊರ ಕೊಡವಿದರು, ಯಾರೋ ಕೆಮ್ಮಿದರು.

'ಬೆಂಕಿ ಇಲ್ಲದ ಕಡೆಗೂ ಬೆಂಕಿನೇ ಕಾಣತೈತಿ,
ಮೊಮ್ಮಗನ ಮಾರಿ ಒಳಗೂ.
ಇದನ್ನ ಡಾಕ್ಟರಿಗೆ ನೀವೇ ಹೇಳ್ರಿ, ನನಗ ನಾಚಿಕಿ.'

ನಾನೂರ ಹನ್ನೊಂದು.
ಒಂದು ಸಾಲು ಇನ್ನೂ ದೋಷಗಳಲ್ಲೇ ಇದೆ:
ಹೆಸರು ಖಾಲಿ, ಫೋನು ಖಾಲಿ,
ವಯಸ್ಸು ಐವತ್ತೆರಡು, ಭಟ್ಟಿ ಮೂರು, ಎಡಗಣ್ಣು.
ತಸ್ಕೀನ್‌ಗೂ ನೆನಪಿಲ್ಲ: 'ಕತ್ತಲಿತ್ತಕ್ಕಾ,
ಅವರು ಕೆಲಸ ನಿಲ್ಲಿಸಲಿಲ್ಲ.'

ಈ ಕೋಷ್ಟಕ ಅಳಿಸಲೇ? ಅಂತ ಕೇಳುತ್ತದೆ ಪರದೆ.
ಬೇಡ ಅಂದೆ.
ವರಾಂಡದಲ್ಲಿ ಒಂದು ಕುರ್ಚಿ ಹೆಚ್ಚಿಗೆ ಹಾಕು
ಅಂತ ವಾಚ್‌ಮನ್ ಬಸಣ್ಣನಿಗೆ ಹೇಳಿ ಬೀಗ ಹಾಕಿದೆ.